ಸಮುದ್ರದ ಕಡೆ ಬಾಗಿಲು ಯಾರದು? ಇಜ್ಮಿರ್ ಧಕ್ಕೆಯ ಪ್ರಕರಣ

1860ರ ಆಸುಪಾಸಿನಲ್ಲಿ, ಇಂದಿನ ತುರ್ಕಿಯ ಬಂದರು ಊರಾದ ಇಜ್ಮಿರ್‌ನಲ್ಲಿ ಯುರೋಪಿಯನ್ ವ್ಯಾಪಾರಿಯ ಮನೆಗೆ ಸಾಮಾನ್ಯವಾಗಿ ಎರಡು ಬಾಗಿಲು. ಒಂದು ಫ್ರಾಂಕ್ ಬೀದಿಗೆ, ಇನ್ನೊಂದು ನೇರ ಸಮುದ್ರಕ್ಕೆ. ನಡುವೆ ಓಣಿಯಂಥ ಉದ್ದನೆಯ ಅಂಗಳ. ಅದರ ಎರಡೂ ಮಗ್ಗುಲಿಗೆ ಗೋದಾಮು, ಮೇಲೆ ವಾಸದ ಕೋಣೆಗಳು. ಇಂಥ ಕಟ್ಟಡವನ್ನು ಊರಿನವರು ವೆರ್ಹಾನೆ ಅನ್ನುತ್ತಿದ್ದರು. ಹಿಂದಿನ ಬಾಗಿಲು ತೆರೆದರೆ ಮರದ ಗೂಟಗಳ ಮೇಲೆ ನಿಂತ ಸ್ವಂತ ಜೆಟ್ಟಿ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಸರಕನ್ನು ಚಪ್ಪಟೆ ದೋಣಿಗಳಿಗೆ ಇಳಿಸಿ, ಜೆಟ್ಟಿಗೆ ತಂದು, ಹಮಾಲರ ಬೆನ್ನ ಮೇಲೆ ಹೊರಿಸಿ ಗೋದಾಮಿಗೆ ಸೇರಿಸುತ್ತಿದ್ದರು. ಒಳನಾಡಿನ ಅಂಜೂರ, ಒಣದ್ರಾಕ್ಷಿ, ಹತ್ತಿ, ಅಫೀಮು ಇದೇ ದಾರಿಯಲ್ಲಿ ಹೊರಗೆ ಹೋಗುತ್ತಿದ್ದವು.

ಸುಂಕದ ಕಚೇರಿ ಅದೇ ದಂಡೆಯಲ್ಲಿ ಸ್ವಲ್ಪ ದಕ್ಷಿಣಕ್ಕಿತ್ತು. ರಾತ್ರಿ ಯಾವ ಜೆಟ್ಟಿಗೆ ಯಾವ ದೋಣಿ ಬಂತು ಅಂತ ಅಲ್ಲಿನ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು?

ಮುಂದಿನ ಜಗಳವೆಲ್ಲ ಈ ಹಿಂದಿನ ಬಾಗಿಲಿನದೇ. ಇಜ್ಮಿರ್‌ನ ಧಕ್ಕೆಯನ್ನು, ಅಂದರೆ ಹಡಗು ಬಂದು ನಿಲ್ಲಲು ದಂಡೆಗೆ ಕಟ್ಟಿದ ಕಲ್ಲಿನ ಕಟ್ಟೆಯನ್ನು, ಸಾಮಾನ್ಯವಾಗಿ 'ಆಧುನಿಕತೆಯ ಕಥೆ' ಅಂತ ಹೇಳುತ್ತಾರೆ. ಕೊಳಕು ದಂಡೆ ಹೋಗಿ ಚೆಂದದ ಬೀದಿ ಬಂತು, ಕುದುರೆ ಟ್ರಾಮ್ ಬಂತು, ಕೆಫೆ ಬಂತು ಅಂತ. ಅದು ಸುಳ್ಳಲ್ಲ. ಆದರೆ ಕಲ್ಲು, ಕಾಂಕ್ರೀಟ್ ಬೀಳುವ ಮೊದಲೇ ಅಲ್ಲಿ ಬೇರೊಂದು ಪ್ರಶ್ನೆ ಎದ್ದಿತ್ತು. ನೆಲ ಎಲ್ಲಿ ಮುಗಿಯುತ್ತದೆ, ಸಮುದ್ರ ಎಲ್ಲಿ ಶುರುವಾಗುತ್ತದೆ, ನಡುವಿನ ಜಾಗ ಯಾರ ಪಾಲಿಗೆ? ಇದಕ್ಕೆ ಅಲ್ಲಿಯವರೆಗೆ ಯಾರೂ ನೇರ ಉತ್ತರ ಕೊಟ್ಟಿರಲಿಲ್ಲ. ಉತ್ತರ ಇಲ್ಲದಿದ್ದದ್ದೇ ಎಲ್ಲರಿಗೂ ಅನುಕೂಲವಾಗಿತ್ತು, ಸರ್ಕಾರವೊಂದನ್ನು ಬಿಟ್ಟು.

ಹಿನ್ನೆಲೆ

ಇಜ್ಮಿರ್ ಅಂದರೆ ಹಳೆಯ ಸ್ಮಿರ್ನಾ. ಆಗ ಅದು ಇಸ್ತಾನ್‌ಬುಲ್‌ನಿಂದ ಆಳುತ್ತಿದ್ದ ಒಟ್ಟೊಮನ್ ಸಾಮ್ರಾಜ್ಯದ ಊರು. ಏಜಿಯನ್ ಸಮುದ್ರದಿಂದ ಒಳಕ್ಕೆ ಚಾಚಿದ ಉದ್ದನೆಯ ಕೊಲ್ಲಿಯ ತುದಿಯಲ್ಲಿದೆ. ಬೆಟ್ಟದ ಮೇಲೆ ಕಡಿಫೆಕಲೆ ಕೋಟೆ. ಅದರ ಇಳಿಜಾರಿನಲ್ಲಿ ಮುಸ್ಲಿಮರ ಕೇರಿಗಳು, ಕೆಳಗೆ ಪೇಟೆ, ಪೇಟೆಯ ಬಳಿ ಯಹೂದಿಗಳ ಕೇರಿ, ಆಚೆ ಅರ್ಮೇನಿಯನ್ನರು ಮತ್ತು ಗ್ರೀಕರು, ಸಮುದ್ರದಂಚಿಗೆ 'ಫ್ರಾಂಕ್'ರು. ಫ್ರಾಂಕ್ ಅಂದರೆ ಯುರೋಪಿನಿಂದ ಬಂದು ತಲೆಮಾರುಗಳಿಂದ ಅಲ್ಲೇ ನೆಲೆಸಿದ ವ್ಯಾಪಾರಿಗಳು. ಇವರನ್ನು ಲೆವಾಂಟೀನರು ಅಂತಲೂ ಕರೆಯುತ್ತಾರೆ.

1838ರಲ್ಲಿ ಬ್ರಿಟನ್ ಜೊತೆ ಆದ ಬಾಲ್ಟಾಲಿಮಾನ್ ವ್ಯಾಪಾರ ಒಪ್ಪಂದ ಒಟ್ಟೊಮನ್ ಮಾರುಕಟ್ಟೆಯ ಬಾಗಿಲನ್ನು ಅಗಲವಾಗಿ ತೆರೆಯಿತು. ಅದರಿಂದ ಅತಿ ಜಾಸ್ತಿ ಲಾಭ ಪಡೆದ ಊರುಗಳಲ್ಲಿ ಇಜ್ಮಿರ್ ಒಂದು. ಆಮೇಲೆ ರೈಲು ಬಂತು. ಬ್ರಿಟಿಷ್ ಕಂಪನಿಯೊಂದು 1856ರಲ್ಲಿ ಪರವಾನಗಿ ಪಡೆದು ಇಜ್ಮಿರ್‌ನಿಂದ ಒಳನಾಡಿನ ಆಯ್ದಿನ್‌ಗೆ ಹಳಿ ಹಾಕಲು ಹೊರಟು, 1866ರಲ್ಲಿ ಅಲ್ಲಿಗೆ ಮುಟ್ಟಿತು. ಸುಮಾರು 130 ಕಿಲೋಮೀಟರ್. ಅನಾಟೋಲಿಯಾದ, ಅಂದರೆ ಇಂದಿನ ತುರ್ಕಿಯ ಏಷ್ಯಾ ಭಾಗದ, ಮೊದಲ ರೈಲು ಅದು. ಅದೇ 1866ರಲ್ಲಿ ಕಸಾಬಾ ಅನ್ನುವ ಇನ್ನೊಂದು ಒಳನಾಡಿನ ಊರಿನ ಕಡೆಗೂ ಇನ್ನೊಂದು ಹಳಿ ಓಡಿತು. ಆಯ್ದಿನ್ ರೈಲಿನ ನಿಲ್ದಾಣ ಇದ್ದದ್ದು ಊರಿನ ಉತ್ತರ ತುದಿಯ ಪುಂಟಾದಲ್ಲಿ. ಇಂದಿನ ಅಲ್ಸಂಜಾಕ್ ಅದೇ. ಸುಂಕದ ಕಚೇರಿ ಇದ್ದದ್ದು ದಕ್ಷಿಣದಲ್ಲಿ. ರೈಲಿನಲ್ಲಿ ಬೇಗ ಬಂದ ಮೂಟೆ ಊರೊಳಗಿನ ಇಕ್ಕಟ್ಟು ಓಣಿಗಳಲ್ಲಿ ಹಮಾಲರ, ಒಂಟೆಗಳ ಬೆನ್ನ ಮೇಲೆ ತೆವಳಬೇಕಾಗಿತ್ತು.

ಅದರ ಮೇಲೆ ಹತ್ತಿಯ ದುಡ್ಡು. ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ 1865ರವರೆಗೆ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಜಗತ್ತಿನ ಬೇರೆ ಕಡೆಗಳಲ್ಲಿ ಬೆಲೆ ಏರಿತು. ಇಜ್ಮಿರ್ ಸೀಮೆಯಲ್ಲೂ ಹತ್ತಿ ಬಿತ್ತನೆ ಜೋರಾಯಿತು. ಇದೇ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಮುಂಬೈಯಲ್ಲೂ ಆ ದುಡ್ಡಿನ ಅಮಲಿನಲ್ಲೇ ಸಮುದ್ರ ತುಂಬಿಸುವ ಕಂಪನಿಗಳು ಎದ್ದವು. 1865ರಲ್ಲಿ ಬೆಲೆ ಬಿದ್ದಾಗ ಬ್ಯಾಕ್ ಬೇ ಕಂಪನಿಯಂಥವು ನೆಲಕಚ್ಚಿದವು. ಬಂದರು ಊರುಗಳಲ್ಲಿ ಕೈಗೆ ಕಾಸು ಬಂದಾಗ ಜನ ಮೊದಲು ನೋಡುವುದು ಸಮುದ್ರದ ಕಡೆಗೇ ಅನ್ನಿಸುತ್ತದೆ. ಬೆಲೆ ಕೊಡದೆ ಸಿಗುವ ನೆಲ ಇರುವುದು ಅಲ್ಲಿ ಮಾತ್ರ.

ಪರವಾನಗಿ

1867ರ ನವೆಂಬರಿನಲ್ಲಿ ಒಟ್ಟೊಮನ್ ಸರ್ಕಾರ ಇಜ್ಮಿರ್‌ನಲ್ಲಿ ಧಕ್ಕೆ ಕಟ್ಟುವ ಪರವಾನಗಿಯನ್ನು ಮೂವರಿಗೆ ಕೊಟ್ಟಿತು. ಶಾರ್ನೋ, ಬಾರ್ಕರ್, ಗ್ವಾರಚಿನೋ ಅವರ ಹೆಸರು. ಮೂವರೂ ಬ್ರಿಟಿಷ್ ಪ್ರಜೆಗಳು, ಇಜ್ಮಿರ್‌ನಲ್ಲೇ ನೆಲೆಸಿದ ವ್ಯಾಪಾರಿಗಳು. ದಕ್ಷಿಣದಲ್ಲಿ ಹಳದಿ ಬ್ಯಾರಕ್ಸ್ ಅನ್ನುವ ಸೈನಿಕರ ವಸತಿಯಿಂದ ಉತ್ತರದ ಪುಂಟಾ ನಿಲ್ದಾಣದ ತನಕ, ಸುಮಾರು ಮೂರೂವರೆ ಕಿಲೋಮೀಟರ್ ಉದ್ದಕ್ಕೆ ಕಲ್ಲಿನ ಧಕ್ಕೆ. ಅದರ ಮೇಲೆ ಸುಮಾರು 18 ಮೀಟರ್ ಅಗಲದ ಬೀದಿ, ಟ್ರಾಮ್ ಹಳಿ. ಮುಂದೆ ಅಲೆ ತಡೆಯುವ ಗೋಡೆಯೊಳಗೆ ಹಡಗು ನಿಲ್ಲಲು ಶಾಂತ ನೀರು. ಯೋಜನೆ ಇಷ್ಟು.

ದುಡ್ಡಿನ ಲೆಕ್ಕಾಚಾರದಲ್ಲಿ ಜಾಣತನ ಇತ್ತು. ಧಕ್ಕೆಯ ಗೋಡೆಯನ್ನು ಹಳೆಯ ದಂಡೆಗೆ ಅಂಟಿಸಿ ಕಟ್ಟುವುದಲ್ಲ. ಸಮುದ್ರದೊಳಗೆ ಮುಂದಕ್ಕೆ ಹೋಗಿ ಕಟ್ಟುವುದು, ನಡುವಿನ ನೀರನ್ನು ಮಣ್ಣು ಕಲ್ಲಿನಿಂದ ತುಂಬಿಸುವುದು. ಹಾಗೆ ಹುಟ್ಟಿದ ನೆಲದಲ್ಲಿ ಬೀದಿ ಮತ್ತು ಸರ್ಕಾರಕ್ಕೆ ಬೇಕಾದ ಜಾಗ ಬಿಟ್ಟು ಉಳಿದದ್ದನ್ನು ಕಂಪನಿ ಮಾರಿಕೊಳ್ಳಬಹುದು. ಜೊತೆಗೆ ಧಕ್ಕೆಯಲ್ಲಿ ಇಳಿಯುವ, ಏರುವ ಸರಕಿನ ಮೇಲೆ ಇಷ್ಟು ವರ್ಷ ಶುಲ್ಕ ವಸೂಲು ಮಾಡಬಹುದು. ಆ ಆದಾಯದಲ್ಲಿ ಸರ್ಕಾರಕ್ಕೂ ಒಂದು ಪಾಲು. ಖಜಾನೆ ಬರಿದಾಗಿದ್ದ ಇಸ್ತಾನ್‌ಬುಲ್‌ಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುತ್ತಿರಲಿಲ್ಲ. ತನ್ನ ಕೈಯಿಂದ ಒಂದು ಕಾಸೂ ಬಿಚ್ಚದೆ ಬಂದರು ಬರುತ್ತದೆ, ಸುಂಕ ತಪ್ಪಿಸುವ ಖಾಸಗಿ ಜೆಟ್ಟಿಗಳೆಲ್ಲ ಒಂದೇ ಏಟಿಗೆ ಹೂತುಹೋಗುತ್ತವೆ.

ಈ ಎರಡನೆಯ ಲಾಭವೇ ಸರ್ಕಾರಕ್ಕೆ ದೊಡ್ಡದಾಗಿ ಕಂಡಿತ್ತು ಅಂತ ನನ್ನ ಅಂದಾಜು. ಆ ಕಾಲದ ಒಟ್ಟೊಮನ್ ಆಡಳಿತದ ಕಷ್ಟ ಏನೆಂದರೆ, ವಿದೇಶಿ ಪ್ರಜೆಯ ಮನೆ ಬಾಗಿಲು ಬಡಿಯಲೂ ಅಲ್ಲಿದ್ದ ಅವನ ದೇಶದ ಪ್ರತಿನಿಧಿಯಾದ ಕಾನ್ಸಲ್‌ನ ಒಪ್ಪಿಗೆ ಬೇಕು. ಕ್ಯಾಪಿಚುಲೇಶನ್ ಅನ್ನುವ ಹಳೆಯ ಒಪ್ಪಂದಗಳ ಪ್ರಕಾರ ಅವರ ವ್ಯಾಜ್ಯ ನಡೆಯುವುದು ಅವರವರ ಕಾನ್ಸಲ್ ಕೋರ್ಟಿನಲ್ಲಿ. ಹಿಂದಿನ ಬಾಗಿಲಿನಿಂದ ಸರಕು ಒಳಗೆ ಹೋಯಿತು ಅಂತ ಗೊತ್ತಿದ್ದರೂ ಸುಂಕದ ಪೇದೆ ಹೊರಗೆ ನಿಂತು ನೋಡಬೇಕು. ಬಾಗಿಲಿನೊಳಗೆ ಹೋಗಲು ಆಗದಿದ್ದರೆ ಬಾಗಿಲಿನ ಮುಂದೆಯೇ ಸರ್ಕಾರಿ ಬೀದಿ ಹಾಕಿಬಿಟ್ಟರೆ? ಧಕ್ಕೆ ಮಾಡಿದ್ದು ಅದನ್ನೇ.

ಜಮೀನಿನ ಕಾನೂನು ಕೂಡ ಆಗಷ್ಟೇ ಬದಲಾಗಿತ್ತು. 1867ರ ಜೂನ್‌ನಲ್ಲಿ ವಿದೇಶಿಯರು ತಮ್ಮ ಹೆಸರಿನಲ್ಲೇ ಆಸ್ತಿ ಹೊಂದಬಹುದು ಅನ್ನುವ ಕಾನೂನು ಬಂತು. ಅದಕ್ಕೆ ಮುಂಚೆ ಎಷ್ಟೋ ಜನ ಹೆಂಡತಿಯ ಹೆಸರಲ್ಲೋ ಸ್ಥಳೀಯ ಪ್ರಜೆಯೊಬ್ಬನ ಹೆಸರಲ್ಲೋ ಆಸ್ತಿ ಇಟ್ಟುಕೊಂಡಿದ್ದರು. ಹೊಸ ಕಾನೂನಿನ ಷರತ್ತು ಇಷ್ಟೆ: ಆಸ್ತಿಯ ವಿಷಯಕ್ಕೆ ಬಂದರೆ ಒಟ್ಟೊಮನ್ ಕಾನೂನಿಗೇ ತಲೆಬಾಗಬೇಕು. ಇದಾಗಿ ಕೆಲವೇ ತಿಂಗಳಲ್ಲಿ ಧಕ್ಕೆಯ ಪರವಾನಗಿ ಹೊರಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸರ್ಕಾರದ ದಾರಿ ಸ್ಪಷ್ಟವಾಗುತ್ತದೆ.

ಜಗಳ

ದಂಡೆಯ ಆಸ್ತಿವಂತರು ಎದ್ದು ನಿಂತರು. ಅವರ ವಾದ ಸರಳ. ನಮ್ಮ ಹಕ್ಕುಪತ್ರದಲ್ಲಿ ಮನೆಯ ಗಡಿ 'ಸಮುದ್ರ' ಅಂತಿದೆ. ಸಮುದ್ರವೇ ಗಡಿಯಾದ ಮೇಲೆ ನಮಗೂ ಸಮುದ್ರಕ್ಕೂ ನಡುವೆ ಇನ್ನೊಬ್ಬ ಬರುವುದು ಹೇಗೆ? ನಮ್ಮ ಆಸ್ತಿಯ ಬೆಲೆ ಇರುವುದೇ ಆ ನೀರಿನಲ್ಲಿ. ನಾಳೆ ಕಂಪನಿ ನಮ್ಮ ಜೆಟ್ಟಿ ಮುಚ್ಚಿ, ಮುಂದೆ ಮನೆ ಕಟ್ಟಿಸಿ, ನಮ್ಮನ್ನು ಹಿಂದಿನ ಗಲ್ಲಿಯವರನ್ನಾಗಿ ಮಾಡುತ್ತದೆ.

ಸರ್ಕಾರದ ವಾದವೂ ಸರಳವೇ. ನೆಲ ನಿಮ್ಮದು, ನೀರು ಯಾರದೂ ಅಲ್ಲ. ಯಾರದೂ ಅಲ್ಲದ್ದು ಸರ್ಕಾರದ ಉಸ್ತುವಾರಿ.

ಕೇಳಿದರೆ ಎರಡೂ ಸರಿ ಅನ್ನಿಸುತ್ತದೆ ಅಲ್ವಾ? ತಮಾಷೆ ಏನೆಂದರೆ ಆ ಆಸ್ತಿವಂತರ ಅಪ್ಪ, ಅಜ್ಜಂದಿರೂ ಸಮುದ್ರ ತುಂಬಿಸಿದವರೇ. ತಲೆಮಾರಿನಿಂದ ತಲೆಮಾರಿಗೆ ಗೂಟ ಹೊಡೆದು, ಕಲ್ಲುಮಣ್ಣು ಸುರಿದು, ಒಂದೊಂದು ಮಾರು ಮುಂದೆ ಸರಿದವರು. ಆ ಮುಂಚೆ ಒಳಬಂದರು ಅಂತ ಇದ್ದ ಜಾಗವೇ ಹೂಳು ತುಂಬಿ ಕೆಮೆರಾಲ್ತಿ ಪೇಟೆಯಾಗಿತ್ತು. ಇಜ್ಮಿರ್‌ನ ದಂಡೆ ಯಾವತ್ತೂ ನಿಂತ ಗೆರೆಯಲ್ಲ. ತಮ್ಮ ಸರದಿಯಲ್ಲಿ ಸದ್ದಿಲ್ಲದೆ ನಡೆದದ್ದು, ಈಗ ಒಂದು ಕಂಪನಿ ನಕ್ಷೆ ಹಿಡಿದು ಒಟ್ಟಿಗೇ ಮಾಡಲು ಹೊರಟಾಗ ಅನ್ಯಾಯವಾಗಿ ಕಂಡಿತು.

ಇದನ್ನು ಸುಮ್ನೆ 'ಯುರೋಪಿಯನ್ನರು ವಿರುದ್ಧ ಒಟ್ಟೊಮನ್ ಸರ್ಕಾರ' ಅಂತ ಓದಿದರೆ ದಾರಿ ತಪ್ಪುತ್ತದೆ. ಪರವಾನಗಿ ಪಡೆದವರೂ ಬ್ರಿಟಿಷ್ ಪ್ರಜೆಗಳು, ಎದುರು ನಿಂತವರಲ್ಲೂ ಬ್ರಿಟಿಷ್ ಪ್ರಜೆಗಳು. ಕಾನ್ಸಲ್ ಯಾರ ಪರ ನಿಲ್ಲಬೇಕು? ಅರ್ಜಿಗಳು ಕಾನ್ಸಲ್ ಕಚೇರಿಗೆ, ಅಲ್ಲಿಂದ ಇಸ್ತಾನ್‌ಬುಲ್‌ನ ರಾಯಭಾರಿಗೆ, ಅಲ್ಲಿಂದ ಲಂಡನ್‌ಗೆ ಹೋದವು. ಒಂದೇ ಫ್ರಾಂಕ್ ಬೀದಿಯಲ್ಲಿ ಮದುವೆ ಸಂಬಂಧ, ಸಾಲ ಸಂಬಂಧ ಇಟ್ಟುಕೊಂಡಿದ್ದ ಜನರ ನಡುವಿನ ಜಗಳ ಇದು. ಧಕ್ಕೆ ಬಂದರೆ ಬೆಳೆಯುವವರು ಒಂದು ಕಡೆ, ಈಗಾಗಲೇ ಸ್ವಂತ ಜೆಟ್ಟಿ ಇದ್ದವರು ಇನ್ನೊಂದು ಕಡೆ.

ಇದರ ನಡುವೆ ಕಂಪನಿಯ ಕೈ ಖಾಲಿಯಾಯಿತು. ಮೂವರ ಕಂಪನಿ ಇಟ್ಟ ಬಂಡವಾಳ ಕೆಲಸದ ಖರ್ಚಿನ ಮುಂದೆ ತೀರಾ ಸಣ್ಣದು. ತುಂಬಿಸಿದ ಜಾಗ ಮಾರಿ ಸರಿದೂಗಿಸೋಣ ಅನ್ನುವುದು ಅವರ ಎಣಿಕೆ. ಆದರೆ ವ್ಯಾಜ್ಯದಲ್ಲಿರುವ ಜಾಗಕ್ಕೆ, ಅದೂ ಇನ್ನೂ ನೀರಾಗಿಯೇ ಇರುವ ಜಾಗಕ್ಕೆ, ಯಾರು ದುಡ್ಡು ಕೊಡುತ್ತಾರೆ? 1869ರಲ್ಲಿ ಕೆಲಸದ ಗುತ್ತಿಗೆ ಹಿಡಿದಿದ್ದ ದುಸ್ಸೋ ಸಹೋದರರು ಪರವಾನಗಿಯನ್ನೇ ತಮ್ಮ ಕೈಗೆ ತೆಗೆದುಕೊಂಡರು. ಕೆಲಸ ಮಾಡಲು ಬಂದವರು ಯಜಮಾನರಾದರು.

ಕಲ್ಲು ಹಾಕಿದವರು

ದುಸ್ಸೋ ಸಹೋದರರು ಮಾರ್ಸೇಲ್ ಕಡೆಯವರು. ಇವರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಆ ಕಾಲದಲ್ಲಿ ಮೆಡಿಟರೇನಿಯನ್ ದಂಡೆಯ ಉದ್ದಕ್ಕೂ ಬಂದರು ಬದಲಾದದ್ದು ಇಂಥ ನಾಲ್ಕಾರು ಗುತ್ತಿಗೆದಾರರ ಯಂತ್ರ, ದೋಣಿ, ಮೇಸ್ತ್ರಿಗಳಿಂದ. ಸೂಯೆಜ್ ಕಾಲುವೆಯ ಬಾಯಲ್ಲಿರುವ ಪೋರ್ಟ್ ಸೈದ್‌ನ ತಡೆಗೋಡೆಗಳನ್ನು ಕಟ್ಟಿದವರು ಇವರೇ. 1863ರ ಗುತ್ತಿಗೆಯಂತೆ ಅಲ್ಲಿ 2,50,000 ಘನ ಮೀಟರ್ ಕೃತಕ ಬಂಡೆ ಬೇಕಾಗಿತ್ತು. ಆ ಮರಳುಗಾಡಿನ ದಂಡೆಯಲ್ಲಿ ಕಲ್ಲು ಎಲ್ಲಿ ಸಿಗಬೇಕು? ಅದಕ್ಕೆ ಫ್ರಾನ್ಸಿನಿಂದ ಲೆ ತೇಯ್ ಸುಣ್ಣ ತರಿಸಿದರು. ನೀರಿನಲ್ಲೇ ಗಟ್ಟಿಯಾಗುವ ಸುಣ್ಣ ಅದು. ಅದನ್ನು ಮರಳಿನ ಜೊತೆ ಕಲಸಿ, ಮರದ ಅಚ್ಚಿಗೆ ಸುರಿದು, ತಿಂಗಳುಗಟ್ಟಲೆ ಬಿಸಿಲಲ್ಲಿ ಒಣಗಿಸುತ್ತಿದ್ದರು. ಒಂದೊಂದು ಬಂಡೆ 10 ಘನ ಮೀಟರ್, ತೂಕ 20 ಟನ್ನಿಗಿಂತ ಮೇಲೆ. ಒಣಗಿದ ಮೇಲೆ ಉಗಿಯಂತ್ರದ ಕ್ರೇನಿನಿಂದ ಎತ್ತಿ ದೋಣಿಗೆ ಹೇರಿ, ಜಾಗ ನೋಡಿ ಸಮುದ್ರಕ್ಕೆ ಜಾರಿಸುತ್ತಿದ್ದರು.

1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ಉದ್ಘಾಟನೆಯಾಯಿತು. ಅಂದರೆ ದೊಡ್ಡ ಕೆಲಸ ಮುಗಿದ ಗುತ್ತಿಗೆದಾರನ ಕೈಯಲ್ಲಿ ನುರಿತ ಜನ, ದುಬಾರಿ ಸಾಮಾನು, ಬಿಡುವು ಮೂರೂ ಇದ್ದವು. ಇಜ್ಮಿರ್ ಅವರಿಗೆ ಸರಿಯಾದ ಹೊತ್ತಿಗೆ ಸಿಕ್ಕಿತು.

ಇಲ್ಲಿನ ತೊಂದರೆ ಬೇರೆ. ಕೊಲ್ಲಿಯ ತಳ ಗಟ್ಟಿಯಲ್ಲ. ನದಿಗಳು ಸಾವಿರಾರು ವರ್ಷ ತಂದು ಸುರಿದ ಮೆತ್ತನೆಯ ಹೂಳು. ಅದರ ಮೇಲೆ ಭಾರದ ಗೋಡೆ ನಿಲ್ಲಬೇಕಾದರೆ ಮೊದಲು ಕಲ್ಲು ಸುರಿದು ಹಾಸು ಮಾಡಬೇಕು. ಸುರಿದ ಕಲ್ಲು ಕೆಸರಿನಲ್ಲಿ ಇಳಿಯುತ್ತದೆ. ಮತ್ತೆ ಸುರಿಯಬೇಕು. ಇಳಿಯುವುದು ನಿಂತ ಮೇಲಷ್ಟೇ ಗೋಡೆ ಏರಿಸುವುದು. ಮೇಲಿನಿಂದ ನೋಡುವವರಿಗೆ ಕಾಣುವುದು ಕೊನೆಯ ಒಂದೆರಡು ಮೀಟರ್ ಮಾತ್ರ. ಕೆಲಸದ ಬಹುಪಾಲು ನೀರಿನ ಕೆಳಗೆ, ಲೆಕ್ಕಪುಸ್ತಕದಲ್ಲಿ ಮಾತ್ರ ಕಾಣುವಂಥದ್ದು.

ಚರಂಡಿಯದೂ ಒಂದು ಕಥೆ. ಮುಂಚೆ ಪ್ರತಿ ಮನೆಯ ಕೊಳಚೆ ನೇರ ಸಮುದ್ರಕ್ಕೆ ಬೀಳುತ್ತಿತ್ತು. ಅಲೆ ಎಳೆದುಕೊಂಡು ಹೋಗುತ್ತಿತ್ತು. ಈಗ ಮನೆಗೂ ಸಮುದ್ರಕ್ಕೂ ನಡುವೆ ತುಂಬಿಸಿದ ನೆಲ ಬಂತು. ಚರಂಡಿಗಳನ್ನು ಅದರ ಕೆಳಗಿಂದ ಮುಂದಕ್ಕೆ ಎಳೆದು ಧಕ್ಕೆಯ ಬುಡದಲ್ಲಿ ಹೊರಕ್ಕೆ ಬಿಡಬೇಕಾಯಿತು. ಹಡಗಿಗೆ ಬೇಕು ಅಂತ ಅಲೆ ತಡೆದ ಶಾಂತ ನೀರಿನಲ್ಲಿ ಆ ಕೊಳಚೆ ಎಲ್ಲಿಗೂ ಹೋಗದೆ ನಿಂತಿತು. ಹೊಸ ಬೀದಿಯ ಚೆಂದ ಹೊಗಳಿದ ಪ್ರವಾಸಿಗಳೇ ಅದರ ವಾಸನೆಯ ಬಗ್ಗೆಯೂ ಬರೆದಿದ್ದಾರೆ.

1870ರ ದಶಕದ ನಡುವಿನ ಹೊತ್ತಿಗೆ, ಅಂದರೆ 1875-76ರ ಸುಮಾರಿಗೆ, ಧಕ್ಕೆ ಮುಗಿಯಿತು.

ಶುಲ್ಕ ಯಾರು ಕೊಡಬೇಕು

ಧಕ್ಕೆ ಮುಗಿದರೂ ಜಗಳ ಮುಗಿಯಲಿಲ್ಲ. ಅದು ನೆಲ ಬಿಟ್ಟು ದರಪಟ್ಟಿಗೆ ಹಾರಿತು. ನಿನ್ನೆಯವರೆಗೆ ನನ್ನ ಜೆಟ್ಟಿಯಲ್ಲಿ ಪುಕ್ಕಟೆ ಇಳಿಸುತ್ತಿದ್ದ ಸರಕಿಗೆ ಇವತ್ತು ನಿನಗೆ ಯಾಕೆ ಶುಲ್ಕ ಕೊಡಬೇಕು ಅಂತ ವ್ಯಾಪಾರಿಗಳು ಕೇಳಿದರು. ಈಗ ಕಂಪನಿ ಫ್ರೆಂಚರ ಕೈಯಲ್ಲಿತ್ತು. ಹಾಗಾಗಿ ಬ್ರಿಟಿಷ್ ವ್ಯಾಪಾರಿಗಳ ದೂರಿಗೆ ಹೊಸ ಬಣ್ಣ ಬಂತು: ಇದು ಫ್ರೆಂಚ್ ಏಕಸ್ವಾಮ್ಯ! ಧಕ್ಕೆಯ ಕನಸು ಕಂಡು ಪರವಾನಗಿ ತಂದವರೇ ಬ್ರಿಟಿಷರು ಅನ್ನುವುದು ಅಷ್ಟರಲ್ಲಿ ಎಲ್ಲರಿಗೂ ಮರೆತಿತ್ತು. ಫ್ರೆಂಚ್ ಕಾನ್ಸಲ್ ಕಂಪನಿಯ ಬೆನ್ನಿಗೆ ನಿಂತ. ದರದ ಹಗ್ಗಜಗ್ಗಾಟ ವರ್ಷಗಟ್ಟಲೆ ಎಳೆಯಿತು.

ಇದರಲ್ಲಿ ದನಿ ಕೇಳಿಸದವರು ದೋಣಿಯವರು ಮತ್ತು ಹಮಾಲರು. ಹಡಗು ಧಕ್ಕೆಗೇ ಬಂದು ನಿಂತರೆ ನಡುವಿನ ದೋಣಿ ಬೇಡ. ರಾಯಭಾರಿಗೆ ಅರ್ಜಿ ಬರೆಯಲು ಅವರಿಗೆ ಕಾನ್ಸಲ್ ಇರಲಿಲ್ಲ. ಅವರಿಗಿದ್ದದ್ದು ತಮ್ಮ ಸಂಘಗಳ ಒಗ್ಗಟ್ಟು ಮಾತ್ರ. ಮುಂದೆ ಇಸ್ತಾನ್‌ಬುಲ್‌ನ ಗಲಾಟಾದಲ್ಲಿ ಧಕ್ಕೆ ಬಂದಾಗ ದೋಣಿಯವರು, ಹಮಾಲರು ಜೋರಾಗಿಯೇ ತಿರುಗಿಬಿದ್ದರು. ಆದರೂ ಇಜ್ಮಿರ್‌ನಲ್ಲಿ ಹಮಾಲ ಮಾಯವಾಗಲಿಲ್ಲ. ಮುಂದಿನ ದಶಕಗಳ ಫೋಟೋಗಳಲ್ಲೂ ಧಕ್ಕೆಯ ಮೇಲೆ ಅಂಜೂರದ ಪೆಟ್ಟಿಗೆ ಹೊತ್ತ ಬೆನ್ನುಗಳು, ಅವುಗಳ ಪಕ್ಕದಲ್ಲೇ ಒಂಟೆ ಸಾಲು. ರೈಲು, ಧಕ್ಕೆ ಎರಡೂ ಬಂದರೂ ಹಳೆಯ ಸಾಗಾಟ ಅವುಗಳ ಸಂದಿಯಲ್ಲಿ ಜಾಗ ಮಾಡಿಕೊಂಡಿತು.

ಹೊಸ ಮುಖ

ಊರಿನ ಮುಖ ಮಾತ್ರ ಪೂರ್ತಿ ಬದಲಾಯಿತು. ಕೊರ್ಡೋನ್ ಅನ್ನುವ ಹೆಸರು ಪಡೆದ ಈ ಬೀದಿಯಲ್ಲಿ ಹೋಟೆಲ್, ಕೆಫೆ, ಹಡಗು ಕಂಪನಿಗಳ ಕಚೇರಿ, ಕಾನ್ಸಲ್ ಕಟ್ಟಡಗಳು ಸಾಲಾಗಿ ಎದ್ದವು. ಕ್ರೇಮರ್ ಹೋಟೆಲ್, ಸ್ಪೋರ್ಟಿಂಗ್ ಕ್ಲಬ್ ಎಲ್ಲ ಇದೇ ಸಾಲಿನವು. ಟ್ರಾಮ್ ಹಳಿಯ ಮೇಲೆ ಜನರೂ ಸಾಗಿದರು, ಸರಕೂ ಸಾಗಿತು. ಬೇಸಿಗೆಯ ಮಧ್ಯಾಹ್ನ ಸಮುದ್ರದಿಂದ ಬೀಸುವ ಇಂಬಾತ್ ಗಾಳಿಗೆ ಮೈಯೊಡ್ಡಿ ನಡೆಯುವುದು ಊರಿನ ರೂಢಿಯಾಯಿತು. ಮುಂಚೆ ಈ ಗಾಳಿ ಹಿಂದಿನ ಬಾಗಿಲು ಇದ್ದವರ ಸೊತ್ತು. ಈಗ ಬೀದಿಗೆ ಬಂದವರೆಲ್ಲರಿಗೂ ಸಿಕ್ಕಿತು. ಧಕ್ಕೆಯಿಂದ ನಿಜಕ್ಕೂ ಸಾರ್ವಜನಿಕರಿಗೆ ಸಿಕ್ಕಿದ ಲಾಭ ಹೇಳು ಅಂದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಆದರೆ ಆ 'ಎಲ್ಲರೂ' ಸಮಾನರಲ್ಲ. ಬೀದಿಯ ದೀಪ, ಕಲ್ಲುಹಾಸು, ಟ್ರಾಮ್ ಎಲ್ಲ ಫ್ರಾಂಕ್ ಮತ್ತು ಗ್ರೀಕ್ ಕೇರಿಗಳ ಮುಂದೆ. ಬೆಟ್ಟದ ಇಳಿಜಾರಿನ ಮುಸ್ಲಿಮರ ಕೇರಿಗೆ, ಪೇಟೆಯ ಹಿಂದಿನ ಯಹೂದಿಗಳ ಓಣಿಗಳಿಗೆ ಅದರ ಬಿಸಿ ಮುಟ್ಟಿದ್ದು ಬಹಳ ಕಡಿಮೆ. ಹಡಗಿನಿಂದ ಬರುವವನಿಗೆ ಮೊದಲು ಕಾಣುವುದು ಕೊರ್ಡೋನ್‌ನ ಬಿಳಿ ಮುಖಗಳು. ಬಹಳಷ್ಟು ಪ್ರವಾಸಿಗಳು ಅಷ್ಟನ್ನೇ ಇಜ್ಮಿರ್ ಅಂದುಕೊಂಡು ಬರೆದರು. ಸರ್ಕಾರವೂ ತನ್ನ ಗುರುತನ್ನು ದಕ್ಷಿಣ ತುದಿಯಲ್ಲಿ ಗಟ್ಟಿ ಮಾಡಿತು. ಅಲ್ಲಿನ ಕೊನಾಕ್‌ನಲ್ಲಿ ಬ್ಯಾರಕ್ಸ್ ಮೊದಲೇ ಇತ್ತು, ಸರ್ಕಾರಿ ಕಚೇರಿ ಇತ್ತು. 1901ರಲ್ಲಿ ಸುಲ್ತಾನ ಎರಡನೆಯ ಅಬ್ದುಲ್ ಹಮೀದನ ಆಳ್ವಿಕೆಗೆ 25 ವರ್ಷವಾದ ನೆನಪಿಗೆ ಗಡಿಯಾರ ಗೋಪುರ ಎದ್ದಿತು. ಒಂದೇ ಧಕ್ಕೆಯ ಒಂದು ತುದಿಯಲ್ಲಿ ಸುಲ್ತಾನನ ಗಡಿಯಾರ, ಇನ್ನೊಂದು ತುದಿಯಲ್ಲಿ ಬ್ರಿಟಿಷ್ ಕಂಪನಿಯ ರೈಲು.

ಇಷ್ಟೆಲ್ಲ ಕಟ್ಟಿದ ಮೇಲೆ ಬಂದರೇ ಮುಚ್ಚಿಹೋಗುವ ಭಯವೂ ಬಂತು. ಗೆಡಿಜ್ ನದಿ ತರುತ್ತಿದ್ದ ಹೂಳು ಕೊಲ್ಲಿಯ ಬಾಯನ್ನೇ ಕಿರಿದು ಮಾಡುತ್ತಿತ್ತು. 1886ರಲ್ಲಿ ನದಿಯನ್ನೇ ತಿರುಗಿಸಿ ಉತ್ತರದ ಹಳೆಯ ಪಾತ್ರದಲ್ಲಿ ಹರಿಯಬಿಟ್ಟರು. ಧಕ್ಕೆಯ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಇದು ಧಕ್ಕೆಗಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ. ಇದಾಗದಿದ್ದರೆ ಆ ಮೂರೂವರೆ ಕಿಲೋಮೀಟರ್ ಗೋಡೆ ಕೊನೆಗೆ ಕೆಸರಿನ ಕೆರೆಯ ದಂಡೆಯಾಗಬಹುದಿತ್ತು.

ಮಾದರಿ ಹರಡಿದ್ದು

ಇಜ್ಮಿರ್‌ನ ಕೆಲಸ ನಡೆಯುವಾಗಲೇ ಬೇರೆ ಊರುಗಳು ಅದನ್ನು ನೋಡುತ್ತಿದ್ದವು. ಇಲ್ಲಿ ಗವರ್ನರ್ ಆಗಿದ್ದ ಸಬ್ರಿ ಪಾಶಾ 1869ರಲ್ಲಿ ಆಗ ಒಟ್ಟೊಮನ್ ಬಂದರಾಗಿದ್ದ ಥೆಸಲೊನಿಕಿಗೆ ವರ್ಗವಾಗಿ ಹೋದವನು ಅಲ್ಲಿ ಸಮುದ್ರದ ಕಡೆಯ ಕೋಟೆಗೋಡೆಯನ್ನು ಕೆಡವಿಸಲು ಶುರು ಮಾಡಿದ. ಆ ಗೋಡೆಯ ಕಲ್ಲುಗಳು ಅಲ್ಲಿನ ಹೊಸ ಧಕ್ಕೆಯ ಹೊಟ್ಟೆಗೆ ಹೋದವು. ಬೇರೂತ್‌ನಲ್ಲಿ 1888ರಲ್ಲಿ ಬಂದರು ಕಂಪನಿ ಹುಟ್ಟಿತು. ಇಸ್ತಾನ್‌ಬುಲ್‌ನ ಧಕ್ಕೆಯ ಪರವಾನಗಿ 1890ರಲ್ಲಿ ಮಾರಿಯಸ್ ಮಿಶೆಲ್‌ಗೆ ಸಿಕ್ಕಿತು. ದೀಪಸ್ತಂಭಗಳ ಗುತ್ತಿಗೆಯಿಂದ ಮೇಲೆ ಬಂದು ಮಿಶೆಲ್ ಪಾಶಾ ಅನ್ನಿಸಿಕೊಂಡ ಫ್ರೆಂಚ್ ನಾವಿಕ ಅವನು. ಎಲ್ಲ ಕಡೆ ಸೂತ್ರ ಬಹುಮಟ್ಟಿಗೆ ಒಂದೇ: ವಿದೇಶಿ ಬಂಡವಾಳ, ತುಂಬಿಸಿದ ನೆಲ, ವರ್ಷಗಟ್ಟಲೆ ಶುಲ್ಕದ ಹಕ್ಕು.

ವ್ಯತ್ಯಾಸವೂ ಇದೆ. ಥೆಸಲೊನಿಕಿಯಲ್ಲಿ ಕೋಟೆಗೋಡೆ ಸರ್ಕಾರದ್ದು. ಅದನ್ನು ಕೆಡವಲು ಯಾವ ವ್ಯಾಪಾರಿಯ ಹಿಂದಿನ ಬಾಗಿಲೂ ಅಡ್ಡ ಬರಲಿಲ್ಲ. ಇಜ್ಮಿರ್‌ನ ದಂಡೆಗೆ ಅಂಥ ಉದ್ದನೆಯ ಗೋಡೆ ಇರಲೇ ಇಲ್ಲ. ಅಲ್ಲಿ ಇದ್ದದ್ದು ಮನೆಗಳ ಬೆನ್ನು. ಹಾಗಾಗಿಯೇ ಅಷ್ಟೊಂದು ಕಾಗದ, ಅಷ್ಟೊಂದು ರಾಯಭಾರ.

ಆಮೇಲೆ

1919ರ ಮೇ 15ರಂದು ಗ್ರೀಕ್ ಸೇನೆ ಇಳಿದದ್ದು ಇದೇ ಧಕ್ಕೆಗೆ. 1922ರ ಸೆಪ್ಟೆಂಬರ್ 9ರಂದು ತುರ್ಕಿ ಸೇನೆ ಊರೊಳಗೆ ಬಂತು. 13ರಂದು ಬೆಂಕಿ ಬಿತ್ತು. ಅರ್ಮೇನಿಯನ್, ಗ್ರೀಕ್, ಫ್ರಾಂಕ್ ಕೇರಿಗಳು ಉರಿದುಹೋದವು. ಹಿಂದೆ ಬೆಂಕಿ, ಮುಂದೆ ನೀರು, ನಡುವಿನ ಆ 18 ಮೀಟರ್ ಬೀದಿಯಲ್ಲಿ ಲಕ್ಷಾಂತರ ಜನ ಸಿಕ್ಕಿಬಿದ್ದರು. ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ, ಅಮೆರಿಕದ ಯುದ್ಧನೌಕೆಗಳು ನಿಂತಿದ್ದವು. ಸರಕು ಸಲೀಸಾಗಿ ಹತ್ತಿಳಿಯಲಿ ಅಂತ ಕಟ್ಟಿದ ಅಂಚಿನಲ್ಲಿ ಮನುಷ್ಯರು ಹಡಗು ಹತ್ತಲು ದಿನಗಟ್ಟಲೆ ಕಾಯಬೇಕಾಯಿತು. ತುಂಬ ಜನ ಅಲ್ಲೇ ಸತ್ತರು.

ಸುಟ್ಟ ಜಾಗಕ್ಕೆ ಹೊಸ ನಕ್ಷೆ ಮಾಡಿದವರು ಫ್ರೆಂಚ್ ನಗರ ಯೋಜಕರಾದ ದಾಂಜೆ ಮತ್ತು ಪ್ರೋ, 1924-25ರಲ್ಲಿ. ವೆರ್ಹಾನೆಗಳ ಓಣಿಗಳು ಹೋಗಿ ಅಗಲ ಬೀದಿಗಳು ಬಂದವು. ಬೂದಿಯಾದ ಕೇರಿಗಳ ಒಂದು ದೊಡ್ಡ ತುಂಡು 1936ರಲ್ಲಿ ಕುಲ್ತೂರ್‌ಪಾರ್ಕ್ ಅನ್ನುವ ಉದ್ಯಾನವಾಯಿತು. ಧಕ್ಕೆ ಕಂಪನಿಯನ್ನು 1933ರಲ್ಲಿ ತುರ್ಕಿ ಗಣರಾಜ್ಯ ಕೊಂಡುಕೊಂಡಿತು. 1950ರ ದಶಕದಲ್ಲಿ ಅಲ್ಸಂಜಾಕ್‌ನಲ್ಲಿ ಹೊಸ ಬಂದರು ಎದ್ದ ಮೇಲೆ ಹಳೆಯ ಧಕ್ಕೆಗೆ ಸರಕಿನ ಹಂಗು ತಪ್ಪಿತು. ಅದಾದ ಮೇಲೆ ಎರಡು ಮಹಡಿಯ ಹಳೆ ಮನೆಗಳ ಜಾಗದಲ್ಲಿ ಒಂದಕ್ಕೊಂದು ಅಂಟಿದ ಎತ್ತರದ ಅಪಾರ್ಟ್‌ಮೆಂಟ್‌ಗಳು ಬಂದವು. ಇಂಬಾತ್ ಗಾಳಿ ಊರೊಳಗೆ ನುಗ್ಗದಂತೆ ಇವು ತಡೆಯುತ್ತವೆ ಅಂತ ಇಂದಿಗೂ ದೂರಿದೆ. 1867ರ ಆಸ್ತಿವಂತರು ತಮ್ಮ ಮುಂದೆ ಏನು ಏಳುತ್ತದೆ ಅಂತ ಹೆದರಿದ್ದರೋ ಅದು ನಿಜವಾದದ್ದು ನೂರು ವರ್ಷದ ಮೇಲೆ, ಅದೂ ಇನ್ನೂ ಎತ್ತರವಾಗಿ.

1990ರ ದಶಕದಲ್ಲಿ ಕೊರ್ಡೋನ್ ಮುಂದೆ ಮತ್ತೆ ಸಮುದ್ರ ತುಂಬಿಸಲು ಶುರು ಮಾಡಿದರು, ಈ ಸಲ ವೇಗದ ರಸ್ತೆಗೆ. ಊರಿನ ಜನ, ವಾಸ್ತುಶಿಲ್ಪಿಗಳು ಕೋರ್ಟಿಗೆ ಹೋದರು. ಈ ಸಲ ಕಾನ್ಸಲ್ ಇಲ್ಲ, ರಾಯಭಾರಿ ಇಲ್ಲ, ಅರ್ಜಿ ಹಾಕಿದವರು ಆ ದೇಶದ್ದೇ ಪ್ರಜೆಗಳು. ಅವರು ಕೇಳಿದ್ದೂ ತಮ್ಮ ಮನೆಯ ಹಕ್ಕಲ್ಲ, ಊರಿನ ಹಕ್ಕು. ರಸ್ತೆ ನಿಂತಿತು. ಅಷ್ಟರಲ್ಲಿ ಸುರಿದಿದ್ದ ಮಣ್ಣನ್ನು ವಾಪಸ್ ತೆಗೆಯಲು ಆಗಲಿಲ್ಲ. ಮೇಯರ್ ಅಹ್ಮೆತ್ ಪಿರಿಶ್ತಿನಾ ಅವಧಿಯಲ್ಲಿ ಅದು ಉದ್ದನೆಯ ಉದ್ಯಾನವಾಯಿತು. ಇದರಿಂದಾಗಿ ಈಗ ಕೊರ್ಡೋನ್‌ಗೆ ಹೋದವರು ಕೂರುವುದು ದುಸ್ಸೋ ಸಹೋದರರ ಗೆರೆಯಿಂದ ಎಷ್ಟೋ ಮುಂದೆ, ಸಮುದ್ರವಿದ್ದ ಜಾಗದಲ್ಲಿ. ವೆರ್ಹಾನೆಯ ಹಿಂದಿನ ಬಾಗಿಲುಗಳು ತೆರೆಯುತ್ತಿದ್ದ ದಂಡೆ ನೋಡಬೇಕಾದರೆ ಅಲ್ಲಿಂದ ಹಿಂದಕ್ಕೆ, ಅಪಾರ್ಟ್‌ಮೆಂಟ್ ಸಾಲನ್ನೂ ದಾಟಿ ಒಳಗೆ ನಡೆಯಬೇಕು. ಅಲ್ಲಿ ಈಗ ಕಾರು ನಿಲ್ಲಿಸುತ್ತಾರೆ.